ಟ್ಯಾಂಕರಿನಲ್ಲಿ ಬೆರೆತ ಹಾಲು ಲೋಟದಲ್ಲಿ ಮೈಲಿಗೆಯೇ?



ಹಾಲಿಗೆ ಜಾತಿ ಇಲ್ಲ ಅಂತಾರೆ. ಇದೆ. ಅದು ಎಲ್ಲಿ ಹುಟ್ಟುತ್ತೆ, ಎಲ್ಲಿ ಸಾಯುತ್ತೆ, ಮತ್ತೆ ಎಲ್ಲಿ ಎದ್ದು ಕೂರುತ್ತೆ ಅನ್ನೋದನ್ನ ಈ ಸಲ ಮಾತಾಡೋಣ.

ಸಹಕಾರ ಅನ್ನುವ ಮಾತು ಈ ನಾಡಿಗೆ ಹೊಸದಲ್ಲ. 1904ರಲ್ಲಿ ಕಾಯ್ದೆ ಬಂತು. 1905ರಲ್ಲೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದರು. ಇಂಡಿಯಾಕ್ಕೇ ಮೊದಲನೆಯದು ಅಂತಾರೆ. ಸರಿ, ದೊಡ್ಡ ಕೆಲಸವೇ. ಆದರೆ ಕೃಷಿ ಪತ್ತು ಅಂದರೆ ಹೊಲ ಇದ್ದವನಿಗೆ ಸಾಲ. ಹೊಲದಲ್ಲಿ ಬೆನ್ನು ಬಗ್ಗಿಸಿದವನಿಗೆ? ಅವನು ಸಂಘದ ಮೆಟ್ಟಿಲ ಕೆಳಗೇ ನಿಂತ.

ಆಮೇಲೆ ಹಾಲು ಬಂತು. 1946ರಲ್ಲಿ ಗುಜರಾತಿನ ಖೇಡಾ ರೈತರು ವ್ಯಾಪಾರಿಗಳ ಹಿಡಿತ ಮುರಿದು ಸಂಘ ಕಟ್ಟಿದ ಮಾದರಿ ಅದು. ಕರ್ನಾಟಕದಲ್ಲಿ 1974ರ ಹೊತ್ತಿಗೆ ವಿಶ್ವಬ್ಯಾಂಕಿನ ನೆರವಿನಿಂದ ದಕ್ಷಿಣದ ಜಿಲ್ಲೆಗಳಲ್ಲಿ ಶುರುವಾಯ್ತು. 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳವಾಯ್ತು. ಹಳ್ಳಿಗೊಂದು ಸಂಘ, ಅದರ ಮೇಲೆ ಜಿಲ್ಲಾ ಒಕ್ಕೂಟ, ಎಲ್ಲದರ ಮೇಲೆ ಮಹಾಮಂಡಳ. ಇವತ್ತು ಹಳ್ಳಿ ಸಂಘಗಳೇ ಹದಿನಾಲ್ಕು ಸಾವಿರ ಮೀರಿವೆ. ಬೆಳಗ್ಗೆ ಸಂಜೆ ಹಾಲು, ಫ್ಯಾಟು ನೋಡಿ ರೇಟು. ಲ್ಯಾಕ್ಟೋಮೀಟರು ಯಾರ ಜಾತಿಯನ್ನೂ ಕೇಳಲ್ಲ. ಒಬ್ಬರಿಗೆ ಒಂದೇ ಓಟು.

ಇದನ್ನ ನಾವು ಹೀಯಾಳಿಸಲ್ಲ. ಒಂದು ಹಸು ಕಟ್ಟಿಕೊಂಡು ಮಕ್ಕಳನ್ನ ಓದಿಸಿದ ಅವ್ವಂದಿರು ನಮ್ಮ ಕೇರಿಯಲ್ಲೂ ಇದ್ದಾರೆ. ನಾವು ಬಿ.ಎ. ಮಾಡಿದ್ದೂ ಅಂಥ ದುಡ್ಡಲ್ಲೇ. ಆದರೆ ಆ ಅವ್ವಂದಿರನ್ನೇ ಕೇಳಿ. ಕೇರಿ ಹಾಲನ್ನ ಕೊನೇಲಿ ಅಳೆಯಿರಿ ಅಂದದ್ದುಂಟು. ಕ್ಯಾನು ಬೇರೆ ಇಡಿ ಅಂದದ್ದುಂಟು. ನಿಗಮದ ಸಾಲದ ಹಸು ಕೇರಿಗೆ ಬಂತು, ಗೋಮಾಳ ಮಾತ್ರ ಊರವರ ಬೇಲಿಯೊಳಗೆ ಹೋಯ್ತು. ಹುಲ್ಲಿಲ್ಲದ ಹಸುವಿಗೆ ಮಂತ್ರ ಹಾಕಿದರೆ ಹಾಲು ಬರುತ್ತಾ? ಮಾರಿದೆವು. ಮಾರಿದ ಮೇಲೆ “ಇವರ ಕೈಲಿ ಏನು ಕೊಟ್ರೂ ನಿಲ್ಲಲ್ಲ” ಅಂದರು. ಹಾಲು ಹಾಕದವನಿಗೆ ಓಟೂ ಇಲ್ಲ, ಅಧ್ಯಕ್ಷಗಿರಿ ಗೌಡರ ಪಡಸಾಲೆ ದಾಟಲೂ ಇಲ್ಲ.

ಈಗ ಸ್ಕೂಲಿಗೆ ಬನ್ನಿ. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಶುರುವಾಯ್ತು. ಸರ್ಕಾರಿ, ಅನುದಾನಿತ ಶಾಲೆ ಮಕ್ಕಳಿಗೆ, ಅಂಗನವಾಡಿ ಮಕ್ಕಳಿಗೆ ವಾರಕ್ಕೆ ಮೂರು ದಿನ 150 ಮಿಲಿ ಹಾಲು; 2017ರಲ್ಲಿ ಐದು ದಿನವಾಯ್ತು. ಒಂದು ಲೋಟಕ್ಕೆ 18 ಗ್ರಾಂ ಪುಡಿ. ಸರ್ಕಾರಕ್ಕೆ ಆಗ ಬರೀ ಕರುಣೆ ಉಕ್ಕಿದ್ದಲ್ಲ, ಹಾಲೂ ಉಕ್ಕಿತ್ತು. ಪ್ರೋತ್ಸಾಹಧನ ಕೊಟ್ಟ ಮೇಲೆ ಹಾಲು ಹೆಚ್ಚಾಗಿ, ಪುಡಿ ಗೋಡೌನಿನಲ್ಲಿ ಕೂತಿತ್ತು. ಇರಲಿ. ಹಸಿದ ಮಗು ಲೆಕ್ಕಪತ್ರ ಕೇಳಲ್ಲ. ಸಹಕಾರಿ ಸಂಘಕ್ಕೆ ಶಾಲೆಯೇ ಗಿರಾಕಿಯಾದದ್ದು ಒಳ್ಳೇದೇ ಆಯ್ತು.

ಇಲ್ಲೇ ನೋಡಿ ತಮಾಷೆ. ಡೈರಿಯಲ್ಲಿ ಬೇರೆ ನಿಂತ ನಮ್ಮ ಹಾಲು ಟ್ಯಾಂಕರಿನಲ್ಲಿ ಗೌಡರ ಹಾಲಿನೊಂದಿಗೆ ಬೆರೆಯುತ್ತೆ. ಯಾವ ಶಾಸ್ತ್ರಿಯೂ ಅದನ್ನ ಬೇರೆ ಮಾಡಲಾರ. ಪುಡಿಯಾಗುತ್ತೆ, ಚೀಲವಾಗುತ್ತೆ, ಅದೇ ಊರ ಶಾಲೆಗೆ ವಾಪಸ್ ಬರುತ್ತೆ. ಎಲ್ಲರೂ ಕುಡೀತಾರೆ. ಆದರೆ ಆ ಪುಡಿಯನ್ನ ಬಿಸಿನೀರಲ್ಲಿ ಕಲಸೋ ಕೈ ಕೇರಿಯ ಅವ್ವನದು ಅಂತ ಗೊತ್ತಾದ ದಿನ ಲೋಟ ಕೆಳಗಿಡಿಸ್ತಾರೆ! ಟ್ಯಾಂಕರಿನಲ್ಲಿ ಸತ್ತ ಮೈಲಿಗೆ ಸೌಟಿನಲ್ಲಿ ಎದ್ದು ಕೂತಿತು. 2004ರ ಏಪ್ರಿಲ್ 20ರಂದು ಸುಪ್ರೀಂ ಕೋರ್ಟು ಬಿಸಿಯೂಟದ ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟರಿಗೆ ಆದ್ಯತೆ ಕೊಡಿ ಅಂತು. ನಮ್ಮ ಪಕ್ಕದೂರಿನಲ್ಲಿ ನಮ್ಮಕ್ಕ ಅಡುಗೆಗೆ ಸೇರಿದ ವಾರವೇ ಅರ್ಧ ಮಕ್ಕಳು ಮನೆಯಿಂದ ಡಬ್ಬಿ ತಂದವು. ಮೇಷ್ಟ್ರು “ಸ್ವಲ್ಪ ದಿನ ಪಾತ್ರೆ ತೊಳ್ಕೊಂಡಿರಮ್ಮ” ಅಂದರು. ಊರ ಶಾಂತಿಗೋಸ್ಕರವಂತೆ. ಈ ಶಾಂತಿಯ ಬೆಲೆ ಯಾವಾಗಲೂ ನಾವೇ ಯಾಕೆ ಕೊಡಬೇಕು?

ಮೊಟ್ಟೆಯದೂ ಇದೇ ಕಥೆ. 2021ರ ಡಿಸೆಂಬರಿನಲ್ಲಿ ಉತ್ತರದ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಟ್ಟಾಗ ಕೆಲವು ಮಠಗಳು ಎದ್ದು ನಿಂತವು. ಹಾಲು ಸಾತ್ವಿಕ, ಮೊಟ್ಟೆ ತಾಮಸವಂತೆ. ಒಂದು ಮೊಟ್ಟೆಯಲ್ಲಿ ಆರು ಗ್ರಾಂ ಪ್ರೋಟೀನಿದೆ ಸ್ವಾಮಿ, ಪಾಪ ಎಷ್ಟು ಗ್ರಾಂ ಇದೆ ಹೇಳಿ. ಬೇಡದವನಿಗೆ ಬಾಳೆಹಣ್ಣಿತ್ತು. ನಿಮ್ಮ ಮಕ್ಕಳ ತಟ್ಟೆಗೆ ನಾವು ಬರಲಿಲ್ಲ. ನಮ್ಮ ಮಕ್ಕಳ ತಟ್ಟೆಗೆ ನಿಮ್ಮ ಕೈ ಯಾಕೆ?

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯಲ್ಲಿ ನೀರು ಮುಟ್ಟಿದ್ದು ಬಾಯಾರಿಕೆಗಲ್ಲ. 1947ರಲ್ಲಿ ‘ರಾಜ್ಯಗಳು ಮತ್ತು ಅಲ್ಪಸಂಖ್ಯಾತರು’ ಬರೆದು, ಭೂಮಿ ಸರ್ಕಾರದ್ದಾಗಲಿ, ಜಾತಿ ನೋಡದೆ ಊರವರೆಲ್ಲ ಸಾಮೂಹಿಕವಾಗಿ ಉಳಲಿ ಅಂದರು. ಸಹಕಾರ ಅಂದರೆ ಅದು. ನೆಲ ಹಂಚದೆ ಹಾಲು ಹಂಚೋದು ಅರ್ಧ ಸಹಕಾರ.

ನಮ್ಮವರಿಗೂ ಎರಡು ಮಾತು. ಸಭೇಲಿ ಜೈಕಾರ ಹಾಕಿ, ಡೈರಿ ಚುನಾವಣೆ ದಿನ ಮನೇಲಿ ಮಲಗೋದು ಸಾಕು. ಷೇರು ಬರೆಸಿ, ಹೆಣ್ಣುಮಕ್ಕಳ ಹೆಸರಲ್ಲೇ ಬರೆಸಿ. ಮಹಾಸಭೆಯಲ್ಲಿ ಲೆಕ್ಕ ಕೇಳಿ. ಗೋಮಾಳ ಎಷ್ಟಿತ್ತು, ಎಷ್ಟು ಉಳಿದಿದೆ ಅಂತ ತಾಲ್ಲೂಕು ಕಚೇರಿಯಲ್ಲಿ ಪಹಣಿ ತೆಗೆಸಿ. ಅಡುಗೆಮನೆಯಿಂದ ನಮ್ಮಕ್ಕನನ್ನ ಹೊರಗೆ ಕಳಿಸಿದರೆ ಆ ಶಾಲೆಯ ಬಾಗಿಲಲ್ಲೇ ಕೂರೋಣ.

ಬೆರೆತ ಹಾಲನ್ನ ಯಾರೂ ಬೇರೆ ಮಾಡಲಾರರು. ಒಲೆ ಮುಂದೆ ನಿಂತ ನಮ್ಮವ್ವನನ್ನ ಬೇರೆ ಮಾಡೋಕೂ ನಾವು ಬಿಡಲ್ಲ.

ಜೈ ಭೀಮ್!