ಕಟ್ಟೆಯ ಮಾತು: ಕಾಗದದ ಟೋಪಿ

ಹೋದ ಸಂಚಿಕೆಯಲ್ಲಿ ಹಿತ್ತಲಲ್ಲಿ ಮೆಂತ್ಯದ ಸೊಪ್ಪು ಬೆಳೆಯುವ ವಿಚಾರ ಬರೆದಿದ್ದೆವು. ಈ ಸಲ ಬದನೆಯ ಸರದಿ ಎಂದು ಮಾತು ಕೊಟ್ಟದ್ದೂ ನಿಜ. ಆದರೆ ಕಳೆದ ತಿಂಗಳು ಬಂದ ಒಂದು ಟೆಲಿಫೋನ್ ಕರೆಯಿಂದಾಗಿ ಬದನೆ ಹಿಂದಕ್ಕೆ ಸರಿಯಿತು. ಓದುಗರು ಮನ್ನಿಸಬೇಕು.

ಕರೆ ಮಾಡಿದವನು ಷಿಕಾಗೋ ಕಡೆಯ ಒಬ್ಬ ತರುಣ ಸದಸ್ಯ. ಹೆಸರು ಬೇಡ. ಕಂಪ್ಯೂಟರ್ ಕೆಲಸ ಹೋಗಿ ನಾಲ್ಕು ತಿಂಗಳಾಗಿದೆ. ಗ್ರೀನ್ ಕಾರ್ಡ್ ಇದೆ, ಮನೆಯ ಸಾಲವೂ ಇದೆ, ಇಬ್ಬರು ಮಕ್ಕಳು. ಒಂದು ಗೋದಾಮಿನಲ್ಲಿ ರಾತ್ರಿ ಪಾಳಿ ಪೆಟ್ಟಿಗೆ ಎತ್ತಿಡುವ ಕೆಲಸ ಸಿಕ್ಕಿದೆಯಂತೆ. "ಅಂಕಲ್, ಹೋಗೋದಕ್ಕೆ ಮನಸ್ಸಿದೆ. ಆದರೆ ಕೂಟದಲ್ಲಿ ಗೊತ್ತಾದರೆ ಹೇಗೆ? ಊರಲ್ಲಿ ಅಪ್ಪ ನಾಲ್ಕು ಜನರ ಎದುರು ತಲೆ ಎತ್ತೋದು ಹೇಗೆ?" ಎಂದ. ನಮ್ಮಲ್ಲಿ ಉಪದೇಶವೇನೂ ಸಿದ್ಧವಿರಲಿಲ್ಲ. ಬದಲಿಗೆ ನಾಲ್ವತ್ತು ವರ್ಷಕ್ಕೂ ಹೆಚ್ಚು ಕಾಲ ಮುಚ್ಚಿಟ್ಟಿದ್ದ ನಮ್ಮದೇ ಒಂದು ಕಥೆ ಹೇಳಿದೆವು. ಅವನೇ "ಇದನ್ನು ಪತ್ರಿಕೆಗೆ ಬರೆಯಿರಿ, ನನ್ನ ವಿಷಯವೂ ಇರಲಿ" ಎಂದದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ.

1981ರಲ್ಲಿ ನಾವು ಡೆಟ್ರಾಯಿಟಿನ ಪಶ್ಚಿಮಕ್ಕಿರುವ ಒಂದು ಉಪನಗರದಲ್ಲಿದ್ದೆವು. ಕಾರಿನ ಬಿಡಿಭಾಗ ತಯಾರಿಸುವ ಕಂಪನಿಯೊಂದರಲ್ಲಿ ಇಂಜಿನಿಯರು. ಆ ದಿನಗಳು ಹಳಬರಿಗೆ ನೆನಪಿವೆ. ಹೊಸಬರಿಗಾಗಿ ಎರಡು ಮಾತು. 1979ರ ಇರಾನಿನ ಕ್ರಾಂತಿಯ ನಂತರ ಪೆಟ್ರೋಲಿನ ಬೆಲೆ ಏರಿ, ಜನ ಉದ್ದುದ್ದ ಕಾರುಗಳನ್ನು ಬಿಟ್ಟು ಜಪಾನಿನ ಪುಟ್ಟ ಕಾರುಗಳ ಕಡೆ ತಿರುಗಿದರು. ಬ್ಯಾಂಕುಗಳ ಪ್ರೈಮ್ ಬಡ್ಡಿ 1980ರ ಡಿಸೆಂಬರಿನಲ್ಲಿ ಶೇಕಡಾ 21 ದಾಟಿತು. ಸಾಲ ಮಾಡಿ ಕಾರು ಕೊಳ್ಳುವವರೇ ಇಲ್ಲವಾದರು. ಕ್ರೈಸ್ಲರ್ ಉಳಿಯಲು ಸರ್ಕಾರವೇ 150 ಕೋಟಿ ಡಾಲರ್ ಸಾಲಕ್ಕೆ ಜಾಮೀನು ನಿಲ್ಲಬೇಕಾಯಿತು. ಅಧ್ಯಕ್ಷ ಕಾರ್ಟರ್ ಆ ಕಾನೂನಿಗೆ ಸಹಿ ಹಾಕಿದ್ದು 1980ರ ಜನವರಿಯಲ್ಲಿ. 1982ರ ಕೊನೆಯ ಹೊತ್ತಿಗೆ ಮಿಷಿಗನ್ನಿನಲ್ಲಿ ದುಡಿಯುವ, ದುಡಿಯಲು ಹೊರಟ ನೂರು ಜನರಲ್ಲಿ ಸುಮಾರು 16 ಜನಕ್ಕೆ ಕೆಲಸವಿರಲಿಲ್ಲ.

ನಮ್ಮ ಸರದಿ 1981ರ ಅಕ್ಟೋಬರಿನಲ್ಲಿ ಬಂತು. ಶುಕ್ರವಾರ ಮಧ್ಯಾಹ್ನ ಕರೆದು, ಒಂದು ಲಕೋಟೆ ಕೊಟ್ಟು ಕೈಕುಲುಕಿದರು. ಮೇಜಿನ ಮೇಲಿದ್ದ ಸ್ಲೈಡ್ ರೂಲು, ಮಗಳ ಫೋಟೋ ಎರಡನ್ನೂ ಕಾಗದದ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆವು. ಮೂರು ತಿಂಗಳು ಅರ್ಜಿಗಳನ್ನು ಟೈಪು ಮಾಡಿದ್ದೇ ಮಾಡಿದ್ದು. ಬಂದ ಉತ್ತರಗಳಲ್ಲೆಲ್ಲ ಒಂದೇ ಮಾತು. ಕೊನೆಗೆ ಮನೆಯಿಂದ ಹನ್ನೆರಡು ಮೈಲಿ ದೂರದ ಒಂದು ಡೋನಟ್ ಅಂಗಡಿಯಲ್ಲಿ ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಏಳರವರೆಗಿನ ಪಾಳಿ ಸಿಕ್ಕಿತು. ಗಂಟೆಗೆ 3 ಡಾಲರ್ 35 ಸೆಂಟು. ಆಗ ದೇಶದ ಕನಿಷ್ಠ ಕೂಲಿ ಅಷ್ಟೇ. ಹನ್ನೆರಡು ಮೈಲಿ ದೂರದ್ದನ್ನೇ ಆರಿಸಿಕೊಂಡದ್ದು ಯಾಕೆಂದು ಬಿಡಿಸಿ ಹೇಳಬೇಕಿಲ್ಲ.

ನಮ್ಮವರಿಗೆ ಈ ನಾಚಿಕೆ ಇಷ್ಟು ಗಟ್ಟಿಯಾಗಿರುವುದಕ್ಕೆ ಕಾರಣ ಇದೆ. 1965ರ ವಲಸೆ ಕಾನೂನು ಬಾಗಿಲು ತೆರೆದಾಗ ನಮ್ಮಲ್ಲಿ ಬಹಳ ಮಂದಿ ಒಳಗೆ ಬಂದದ್ದು ಪದವಿಯ ಬಲದಿಂದ. ಇಂಜಿನಿಯರು, ಡಾಕ್ಟರು, ಪ್ರೊಫೆಸರು ಎನ್ನುವುದು ನಮಗೆ ಕೆಲಸವಷ್ಟೇ ಆಗಿರಲಿಲ್ಲ, ಮನೆತನದ ಹೆಸರಿನ ಹಾಗೆ ಅಂಟಿಕೊಂಡಿತ್ತು. ವಿಮಾನ ಹತ್ತಿಸಲು ಬಂದ ಇಪ್ಪತ್ತು ಜನ ನೆಂಟರ ಕಣ್ಣು ಇಲ್ಲಿಯವರೆಗೂ ನಮ್ಮ ಬೆನ್ನ ಮೇಲೇ ಇತ್ತು.

ಅಂಗಡಿಯಲ್ಲಿ ತಲೆಗೊಂದು ಕಾಗದದ ಟೋಪಿ ಕೊಟ್ಟಿದ್ದರು. ಹಿಟ್ಟು ಕಲೆಸುವುದು, ಎಣ್ಣೆಗೆ ಬಿಡುವುದು, ಸಕ್ಕರೆ ಪಾಕ ಸುರಿಯುವುದು ಹತ್ತೇ ದಿನಕ್ಕೆ ಬಂದುಬಿಟ್ಟಿತು. ಉದ್ದಿನ ವಡೆ ತಟ್ಟುವ ಅಮ್ಮನ ಪಕ್ಕದಲ್ಲಿ ಕೂತು ಬೆಳೆದವರಿಗೆ ನಡುವೆ ತೂತಿರುವ ತಿಂಡಿ ಏನು ಮಹಾ! ಕಷ್ಟವಾಗುತ್ತಿದ್ದದ್ದು ಗಲ್ಲಾದ ಹತ್ತಿರ ನಿಲ್ಲುವುದು. ಬಾಗಿಲಿನ ಗಂಟೆ ಸದ್ದಾದರೆ ಮೊದಲು ನೋಡುತ್ತಿದ್ದದ್ದು, ಬಂದವರು ನಮ್ಮವರೇನೋ ಎಂದು.

ಫೆಬ್ರವರಿಯ ಒಂದು ಶನಿವಾರ ಬೆಳಿಗ್ಗೆ ಆರೂವರೆಗೆ ನಮ್ಮವರೇ ಬಂದರು. ಕೂಟದಲ್ಲಿ ನಮ್ಮೊಡನೆ ನಾಟಕವಾಡಿದ್ದ ರಾಯರು. ಕೋಟು, ಟೈ, ಕೈಯಲ್ಲಿ ಬ್ರೀಫ್‌ಕೇಸು. ನಾವು ತಟ್ಟನೆ ಗಲ್ಲಾದ ಕೆಳಗೆ ಕೂತುಬಿಟ್ಟೆವು, ಲೋಟದ ಪೆಟ್ಟಿಗೆ ಹುಡುಕುವವರ ಹಾಗೆ. ಜೊತೆಯಲ್ಲಿದ್ದ ಹುಡುಗಿ ಕಾಫಿ ಕೊಟ್ಟು ಕಳಿಸಿದಳು. ಮೊಣಕಾಲಿಗೆ ಹಿಟ್ಟು ಮೆತ್ತಿತ್ತು. ಮನೆಗೆ ಬಂದು ಹೇಳಿದಾಗ ನಮ್ಮಾಕೆ ನಗುತ್ತಾಳೆ ಎಂದುಕೊಂಡಿದ್ದೆವು. ನಗಲಿಲ್ಲ. "ರೀ, ನೀವು ಏನಾದರೂ ಕದ್ದಿದ್ದೀರಾ? ಮತ್ತೆ ಯಾಕೆ ಬಚ್ಚಿಟ್ಟುಕೊಂಡಿರಿ?" ಎಂದಳು. ಆಗ ಅವಳೂ ಒಂದು ವೃದ್ಧಾಶ್ರಮದಲ್ಲಿ ಬಟ್ಟೆ ಒಗೆದು ಮಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಅವಳು ಯಾರಿಂದಲೂ ಮುಚ್ಚಿಡಲಿಲ್ಲ.

ಮುಂದಿನ ಶನಿವಾರ ರಾಯರು ಮತ್ತೆ ಬಂದರು. ಈ ಸಲ ನಾವು ಕೂರಲಿಲ್ಲ. ಕಾಲು ನಡುಗುತ್ತಿತ್ತು, ಟೋಪಿ ಸರಿಮಾಡಿಕೊಂಡು "ಬನ್ನಿ ರಾಯರೆ, ಏನು ಕೊಡಲಿ?" ಎಂದೆವು. ರಾಯರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ತಗ್ಗಿದ ದನಿಯಲ್ಲಿ, "ಇಲ್ಲಿ ಇನ್ನೊಂದು ಜಾಗ ಇದೆಯೇ?" ಎಂದರು. ಅವರಿಗೆ ಕೆಲಸ ಹೋಗಿ ಐದು ತಿಂಗಳಾಗಿತ್ತು. ದಿನವೂ ಟೈ ಕಟ್ಟಿಕೊಂಡು ಹೊರಟು, ಪಬ್ಲಿಕ್ ಲೈಬ್ರರಿಯಲ್ಲಿ ಕೂತು ಸಂಜೆ ಮನೆಗೆ ಹೋಗುತ್ತಿದ್ದರಂತೆ. ಹೆಂಡತಿಗೂ ಹೇಳಿರಲಿಲ್ಲ. ಮನೆಯ ಹತ್ತಿರ ಯಾರಾದರೂ ಕಂಡಾರು ಎಂದೇ ಇಷ್ಟು ದೂರ ಕಾಫಿಗೆ ಬರುತ್ತಿದ್ದದ್ದು. ಎರಡು ವಾರದಲ್ಲಿ ಅಂಗಡಿಯಲ್ಲಿ ಎರಡು ಕಾಗದದ ಟೋಪಿಗಳಾದವು. 1983ರಲ್ಲಿ ನಮಗೆ ಷಿಕಾಗೋದಲ್ಲಿ ಕೆಲಸ ಸಿಕ್ಕಿತು, ಅವರಿಗೆ ಅದೇ ಬೇಸಿಗೆಯಲ್ಲಿ ಡೆಟ್ರಾಯಿಟಿನಲ್ಲೇ.

ನಮ್ಮ ನಾಡಿನಲ್ಲಿ ಇದಕ್ಕೆ ಉದಾಹರಣೆಗಳಿಗೆ ಬರವಿಲ್ಲ. ಕಡಂದಲೆ ಕೃಷ್ಣರಾಯರು ಹೋಟೆಲಿನಲ್ಲಿ ಪಾತ್ರೆ ತೊಳೆದು, ಹಿಟ್ಟು ರುಬ್ಬಿದವರು. ಅವರೇ ಮುಂದೆ 1938ರಲ್ಲಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ಸಂಸಾರ ನಡೆಸಿದ ಲಕ್ಕಮ್ಮನಿಗೆ ಗಂಡ ಹೆಚ್ಚಾಗಿ ತಂದ ಅಕ್ಕಿಯ ಬಗ್ಗೆ ಸಂಕೋಚವಾಯಿತೇ ಹೊರತು ಆಯುವ ಕಾಯಕದ ಬಗ್ಗೆ ಆಗಲಿಲ್ಲ. ಇದೆಲ್ಲ ರಾಜ್ಯೋತ್ಸವದ ಭಾಷಣದಲ್ಲಿ ನಮಗೆ ಚೆನ್ನಾಗಿ ನೆನಪಿರುತ್ತದೆ, ಗಲ್ಲಾದ ಹಿಂದೆ ಮರೆತುಹೋಗುತ್ತದೆ.

ಒಂದು ಕೊರಗು ಮಾತ್ರ ಉಳಿದಿದೆ. ನಮ್ಮ ತಂದೆ ಮೈಸೂರಿನಲ್ಲಿ ವಾರಾನ್ನ ಉಂಡು ಓದಿದವರು. ಅದನ್ನು ಎಲ್ಲರ ಮುಂದೆ ಧಾರಾಳವಾಗಿ ಹೇಳಿಕೊಳ್ಳುತ್ತಿದ್ದರು. ಅಂಥವರಿಗೆ ನಾವು ನೀಲಿ ಏರೋಗ್ರಾಮಿನಲ್ಲಿ ತಿಂಗಳು ತಿಂಗಳೂ "ಕೆಲಸ ಚೆನ್ನಾಗಿದೆ" ಎಂದೇ ಬರೆದೆವು. ಅವರು ತೀರಿಕೊಳ್ಳುವವರೆಗೂ ನಿಜ ತಿಳಿಸಲಿಲ್ಲ. ತಿಳಿಸಿದ್ದರೆ ಅವರು ನೊಂದುಕೊಳ್ಳುತ್ತಿರಲಿಲ್ಲ ಎಂದು ಈಗ ಅನಿಸುತ್ತದೆ. ತರುಣನಿಗೆ ಒತ್ತಿ ಹೇಳಿದ್ದು ಇದೊಂದನ್ನೇ: "ಕೂಟಕ್ಕೆ ಹೇಳು, ಬಿಡು. ಅಪ್ಪನಿಗೆ ಮಾತ್ರ ಹೇಳು."

ಇನ್ನು ವ್ಯವಹಾರದ ಮಾತು. ನಿರುದ್ಯೋಗ ಭತ್ಯೆ ಭಿಕ್ಷೆಯಲ್ಲ. ಅದಕ್ಕಾಗಿ ಕಂಪನಿಗಳು ತೆರಿಗೆ ಕಟ್ಟಿರುತ್ತವೆ. ಕೆಲಸ ಹೋದ ಕೂಡಲೇ ಅರ್ಜಿ ಹಾಕಿ, ನಡುವೆ ಸಣ್ಣ ಕೆಲಸ ಹಿಡಿದರೆ ಆ ಸಂಪಾದನೆಯನ್ನು ತಪ್ಪದೆ ತಿಳಿಸಿ. ಎಚ್-1ಬಿ ವೀಸಾದವರ ಪಾಡು ಬೇರೆ. ಅವರು ನಾಚಿಕೆ ಬಿಟ್ಟರೂ ಕಾನೂನು ಬಿಡದು. ಬೇರೆ ಸಿಕ್ಕ ಕೆಲಸ ಮಾಡುವಂತಿಲ್ಲ, 2017ರಿಂದ ಇರುವ ನಿಯಮದಂತೆ ಹೆಚ್ಚೆಂದರೆ 60 ದಿನಗಳ ಬಿಡುವು. ಅಂಥವರು ಮೊದಲ ವಾರವೇ ವಕೀಲರನ್ನು ಕಾಣಬೇಕು, ನಮಗೂ ಹೇಳಬೇಕು. ಮುಚ್ಚಿಟ್ಟು ಕಳೆದ ದಿನಗಳು ವಾಪಸು ಬರುವುದಿಲ್ಲ.

ನಿಮ್ಮ ಕಚೇರಿಯಲ್ಲೋ ಅಂಗಡಿಯಲ್ಲೋ ಜಾಗ ಖಾಲಿಯಿದ್ದರೆ, ದೊಡ್ಡದಿರಲಿ ಸಣ್ಣದಿರಲಿ, ಕಾರ್ಯದರ್ಶಿಗಳಿಗೆ ಒಂದು ಮಾತು ತಿಳಿಸಿ. ಮುಂದಿನ ಸಮಾರಂಭದಲ್ಲಿ ಹೊಸಬರು ಸಿಕ್ಕಾಗ "ಎಲ್ಲಿ ಕೆಲಸ?" ಎಂಬ ಪ್ರಶ್ನೆಯನ್ನು ಊಟವಾಗುವವರೆಗಾದರೂ ತಡೆದಿಡೋಣ. ಊರು, ಮಕ್ಕಳು, ಮಳೆ, ಹುಳಿಯ ರುಚಿ, ಮಾತಿಗೆ ಬೇಕಾದಷ್ಟಿದೆ.

ತರುಣ ಗೋದಾಮಿಗೆ ಸೇರಿದ್ದಾನೆ. ಅಪ್ಪನಿಗೂ ಹೇಳಿದನಂತೆ. ಅವರು ಕೇಳಿದ್ದು ಒಂದೇ ಮಾತು: "ರಾತ್ರಿ ಊಟಕ್ಕೆ ಏನು ಮಾಡ್ತೀಯೋ?"

ಮುಂದಿನ ಸಂಚಿಕೆಯಲ್ಲಿ ಖಂಡಿತ ಬದನೆ.