ಬರ್ತ್‌ಡೇ ಊಟಕ್ಕೆ ಫೈನ್ ಡೈನಿಂಗ್: ಸರ್ವಿಸ್ ಚಾರ್ಜ್ ಕೊಡಲೇಬೇಕೆ? ಹೊಗೆಯಾಡುವ ಸಿಹಿ ತಿನ್ನಬಹುದೇ?

ಹೆಂಡತಿಯ ಬರ್ತ್‌ಡೇಗೆ ಖಾನಾಪುರದಿಂದ ಬೆಳಗಾವಿಗೆ ಬಂದು, ಕ್ಯಾಂಪ್ ಕಡೆಯೋ ಕಾಲೇಜ್ ರೋಡ್ ಕಡೆಯೋ ಒಂದು ‘ಫೈನ್ ಡೈನಿಂಗ್’ ಜಾಗ ಹುಡುಕುತ್ತಿದ್ದೀರಿ ಅಂದುಕೊಳ್ಳಿ. ಅಷ್ಟರಲ್ಲಿ ವಾಟ್ಸಾಪ್‌ನಲ್ಲಿ ಒಬ್ಬರು ‘ಸರ್ವಿಸ್ ಚಾರ್ಜ್ ಸರ್ಕಾರದ ತೆರಿಗೆ, ಕೊಡಲೇಬೇಕು’ ಎನ್ನುತ್ತಾರೆ. ಇನ್ನೊಬ್ಬರು ‘ನೀರಿನ ಬಾಟಲಿಗೆ ಎಂಆರ್‌ಪಿ ಮೀರಿ ತಗೊಂಡರೆ ಕೇಸ್ ಹಾಕಿ’ ಎನ್ನುತ್ತಾರೆ. ಎರಡೂ ತಪ್ಪು.

ಮೊದಲಿಗೆ, ‘ಫೈನ್ ಡೈನಿಂಗ್’ ಎಂಬ ಲೈಸೆನ್ಸ್ ಯಾವುದೂ ಇಲ್ಲ. ಯಾರು ಬೇಕಾದರೂ ಬೋರ್ಡಿಗೆ ಬರೆಸಿಕೊಳ್ಳಬಹುದು. ಹೋಟೆಲಿನ ಸ್ಟಾರ್‌ಗಳು ಮುಖ್ಯವಾಗಿ ವಸತಿ ಸೌಲಭ್ಯಕ್ಕೆ ಸಿಗುವಂಥವು, ಅಡುಗೆಯ ರುಚಿಗಲ್ಲ. ನೋಡಬೇಕಾದದ್ದು ಗೋಡೆಯ ಮೇಲಿನ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್.

ಸರ್ವಿಸ್ ಚಾರ್ಜ್ ತೆರಿಗೆಯಲ್ಲ, ಹೋಟೆಲಿನವರೇ ಸೇರಿಸುವ ಹಣ. ಗ್ರಾಹಕರನ್ನು ಕೇಳದೆ ಅದನ್ನು ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಹೋಟೆಲ್ ಸಂಘಗಳು ಮೇಲ್ಮನವಿಗೆ ಹೋಗಿವೆ. ಲೆಕ್ಕ ಹಾಕಿ: 2,500 ರೂಪಾಯಿ ಊಟಕ್ಕೆ 5% ಜಿಎಸ್‌ಟಿ ಸೇರಿ 2,625. ನಡುವೆ 10% ಸರ್ವಿಸ್ ಚಾರ್ಜ್ ತೂರಿದರೆ ಅದರ ಮೇಲೂ ಜಿಎಸ್‌ಟಿ ಬಿದ್ದು 2,887 ದಾಟುತ್ತದೆ. ತೆಗೆಯಿರಿ ಎಂದು ಹೇಳಿ, ಒಪ್ಪದಿದ್ದರೆ 1915ಕ್ಕೆ ಫೋನ್ ಮಾಡಿ. ರಾತ್ರಿ ಹತ್ತೂವರೆಯವರೆಗೆ ನಿಂತು ಬಡಿಸಿದ ಹುಡುಗನಿಗೆ ಟಿಪ್ಸ್ ಕೈಗೇ ಕೊಡಿ, ಅದು ಬೇರೆ ಮಾತು. ರೂಮ್ ಬಾಡಿಗೆ ದಿನಕ್ಕೆ 7,500 ರೂಪಾಯಿ ಮೀರಿದ ಹೋಟೆಲ್‌ಗಳ ಒಳಗಿನ ರೆಸ್ಟೋರೆಂಟ್‌ನಲ್ಲಿ ಜಿಎಸ್‌ಟಿ 18%. ಅದು ಮೋಸವಲ್ಲ, ಆದರೆ ಮೊದಲೇ ಕೇಳಿಕೊಳ್ಳಿ.

ನೀರಿನ ಬಾಟಲಿ? ಹೋಟೆಲಿನಲ್ಲಿ ಕೂತು ಕುಡಿದರೆ ಅದು ಬರೀ ಮಾರಾಟವಲ್ಲ, ಸೇವೆಯೂ ಸೇರಿದೆ. ಎಂಆರ್‌ಪಿ ಮೀರಿ ದರ ಹಾಕಬಹುದು ಎಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲೇ ಹೇಳಿದೆ.

ಬರ್ತ್‌ಡೇ ಟೇಬಲ್‌ಗೆ ಬರುವ ‘ಹೊಗೆ’ ತಿನಿಸಿನ ವಿಚಾರ ಮಾತ್ರ ಹಗುರ ಮಾಡಬೇಡಿ. ಆ ಹೊಗೆಗೆ ಹಲವೆಡೆ ಬಳಸುವುದು ದ್ರವ ಸಾರಜನಕ, ಉಷ್ಣತೆ ಮೈನಸ್ 196 ಡಿಗ್ರಿ. ಪೂರ್ತಿ ಆವಿಯಾಗುವ ಮೊದಲೇ ನುಂಗಿದರೆ ಹೊಟ್ಟೆಯೊಳಗೆ ಸುಮಾರು 700 ಪಟ್ಟು ಉಬ್ಬಿ ಅನಿಲವಾಗುತ್ತದೆ. ಜಠರ ತೂತಾಗಬಹುದು. ಬೆಂಗಳೂರಿನಲ್ಲಿ ಹೊಗೆ ಪಾನ್ ತಿಂದ 12 ವರ್ಷದ ಹುಡುಗಿಗೆ ಹೀಗಾಗಿ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಕರ್ನಾಟಕದ ಆಹಾರ ಸುರಕ್ಷತಾ ಇಲಾಖೆ 2024ರ ಮೇ ತಿಂಗಳಲ್ಲಿ ಸ್ಮೋಕ್ ಬಿಸ್ಕತ್ತು, ಡೆಸರ್ಟ್‌ಗಳಿಗೆ ಇದರ ಬಳಕೆಯನ್ನು ನಿಷೇಧಿಸಿತು. ಯಾರಾದರೂ ತಂದಿಟ್ಟರೆ ವಾಪಸ್ ಕಳಿಸಿ. ಬೆಳಗಾವಿಯಲ್ಲಿ ಕುಂದಾ ಇರುವಾಗ ಹೊಗೆ ತಿನ್ನುವ ಹಣೆಬರಹ ಯಾಕೆ?

ದುಬಾರಿ ಅಂದರೆ ರುಚಿಯೇ? 2008ರಲ್ಲಿ ಅಮೆರಿಕದ ಸಂಶೋಧಕರು ಒಂದೇ ವೈನ್‌ಗೆ ಎರಡು ಬೆಲೆ ಹೇಳಿ ಕುಡಿಸಿದರು. ಹೆಚ್ಚು ಬೆಲೆ ಹೇಳಿದಾಗಲೇ ಚೆನ್ನಾಗಿದೆ ಅಂದರು ಜನ. ಮಿದುಳಿನ ಸ್ಕ್ಯಾನ್‌ನಲ್ಲೂ ಸಂತೋಷ ಹೆಚ್ಚೇ ಕಂಡಿತು! ಅಂದರೆ ಆ ಖುಷಿ ಸುಳ್ಳಲ್ಲ, ಆದರೆ ಅದು ತಟ್ಟೆಯಿಂದ ಬಂದದ್ದಲ್ಲ. ಇನ್ನೊಂದೆಡೆ ಜೋರು ಸದ್ದು ಸಿಹಿ, ಉಪ್ಪಿನ ರುಚಿಯನ್ನು ಮಂಕಾಗಿಸುತ್ತದೆ. ನನ್ನ ಕೇಳಿದರೆ, ಬುಕ್ ಮಾಡುವಾಗ ಸ್ಪೀಕರ್‌ನಿಂದ ದೂರದ ಟೇಬಲ್ ಕೇಳಿ.

ಒಂದು ಗ್ಲಾಸ್ ಹಾಕುವ ಯೋಚನೆಯಿದ್ದರೆ ಖಾನಾಪುರಕ್ಕೆ ವಾಪಸ್ ಗಾಡಿ ಓಡಿಸುವವರು ಯಾರೆಂದು ಮೊದಲೇ ತೀರ್ಮಾನಿಸಿ. 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್ ಮೀರಿದರೆ ಮೊದಲ ಸಲವೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ.