ಮದ್ದಿಗೆ ತಕ್ಕಡಿಯುಂಟು, ಸೀಸಕ್ಕೆ?

ಹವ್ಯಾಸವೆಂದೊಡನೆ ನಮ್ಮ ತಲೆಮಾರಿನವರಿಗೆ ನೆನಪಾಗುವುದು ಅಂಚೆಚೀಟಿ ಸಂಗ್ರಹ, ಹೂದೋಟ, ಹೆಚ್ಚೆಂದರೆ ಛಾಯಾಗ್ರಹಣ. ಅಮೆರಿಕದಲ್ಲಿ ನಮಗೆ ಅಪರಿಚಿತವಾದ ಇನ್ನೊಂದು ಹವ್ಯಾಸವುಂಟು. ಅಲ್ಲಿನ ಅನೇಕ ಗೃಹಸ್ಥರು ರಜೆಯ ದಿನ ಗ್ಯಾರೇಜಿನಲ್ಲಿ ಕುಳಿತು ತಮ್ಮ ಬಂದೂಕಿನ ತೋಟಾಗಳನ್ನು ತಾವೇ ತುಂಬಿಕೊಳ್ಳುತ್ತಾರೆ. ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸೀಸವನ್ನು ಕರಗಿಸಿ ಗುಂಡುಗಳನ್ನೂ ಎರಕ ಹೊಯ್ಯುತ್ತಾರೆ. ಆ ದೇಶದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳ ಪೈಕಿ ಒಬ್ಬಿಬ್ಬರಿಗೆ ನೆರೆಹೊರೆಯವರ ಸಹವಾಸದಿಂದ ಇದರಲ್ಲಿ ಆಸಕ್ತಿ ಹುಟ್ಟಿದೆ. "ಸರ್, ನಿಮ್ಮ ಅಭಿಪ್ರಾಯವೇನು?" ಎಂದು ಕೇಳಿದ್ದಾರೆ. ಅವರ ಮನೆಗಳಲ್ಲಿ ಪುಟ್ಟ ಮಕ್ಕಳಿರುವುದರಿಂದ ನನ್ನ ಉತ್ತರವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ವಿಷಯವನ್ನು ತಿಳಿಯೋಣ. ಒಂದು ತೋಟಾದಲ್ಲಿ ನಾಲ್ಕು ಭಾಗಗಳಿರುತ್ತವೆ: ಹಿತ್ತಾಳೆಯ ಕೋಶ, ಅದರ ಬುಡದಲ್ಲಿ ಕಿಡಿ ಹುಟ್ಟಿಸುವ ಪ್ರೈಮರ್, ಒಳಗೆ ಮದ್ದು, ಬಾಯಿಯಲ್ಲಿ ಗುಂಡು. ಹಾರಿಸಿದ ಮೇಲೆ ಪ್ರೈಮರ್, ಮದ್ದು, ಗುಂಡು ಮೂರೂ ಮುಗಿದುಹೋಗುತ್ತವೆ. ಹಿತ್ತಾಳೆಯ ಕೋಶ ಮಾತ್ರ ಉಳಿಯುತ್ತದೆ. ನಾಲ್ಕರಲ್ಲಿ ಸಾಮಾನ್ಯವಾಗಿ ಬೆಲೆ ಹೆಚ್ಚಿನದೂ ಅದೇ. ಅದನ್ನು ಶುಚಿಗೊಳಿಸಿ, ಮೊದಲಿನ ಅಳತೆಗೆ ತಂದು, ಮತ್ತೆ ಮತ್ತೆ ತುಂಬಬಹುದು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಪಶ್ಚಿಮ ಬಯಲುಗಳಲ್ಲಿ ಕಾಡೆಮ್ಮೆ ಬೇಟೆಗೆ ಹೋಗುತ್ತಿದ್ದವರಿಗೆ ಅಂಗಡಿ ಬಹು ದೂರ. ಅವರು ಬಿಡಾರದಲ್ಲಿಯೇ ಗುಂಡು ಎರೆದು ತೋಟಾ ತುಂಬಿಕೊಳ್ಳುತ್ತಿದ್ದರು. 1884ರಲ್ಲಿ ಕನೆಕ್ಟಿಕಟ್ ರಾಜ್ಯದಲ್ಲಿ ಜಾನ್ ಬಾರ್ಲೋ ಎಂಬಾತ ಸ್ಥಾಪಿಸಿದ ಐಡಿಯಲ್ ಎಂಬ ಕಂಪನಿ ಇದಕ್ಕೆಂದೇ ಕೈ ಉಪಕರಣಗಳನ್ನು ಮಾರತೊಡಗಿತು. ಅಂದಿನ ಅಗತ್ಯ ಕಾಲಕ್ರಮದಲ್ಲಿ ಹವ್ಯಾಸವಾಯಿತು.

ಈ ಹವ್ಯಾಸ ಅಲ್ಲಿಯೇ ಅಷ್ಟೊಂದು ಬೇರೂರಲು ಒಂದು ಸ್ವಾರಸ್ಯಕರ ಕಾರಣವೂ ಇದೆ. 1860ರ ದಶಕದಲ್ಲಿ ಎರಡು ಬಗೆಯ ಪ್ರೈಮರ್‌ಗಳು ಹುಟ್ಟಿದವು. ಒಂದನ್ನು ರೂಪಿಸಿದವನು ಅಮೆರಿಕದ ಸೇನಾಧಿಕಾರಿ ಬರ್ಡನ್, ಇನ್ನೊಂದನ್ನು ಇಂಗ್ಲೆಂಡಿನ ಸೇನಾಧಿಕಾರಿ ಬಾಕ್ಸರ್. ಅಮೆರಿಕದವನ ವಿಧಾನ ಯೂರೋಪಿನಲ್ಲಿ ಬಳಕೆಗೆ ಬಂತು, ಇಂಗ್ಲೆಂಡಿನವನದು ಅಮೆರಿಕದಲ್ಲಿ ನೆಲೆಯೂರಿತು. ಬಾಕ್ಸರ್ ಮಾದರಿಯ ಕೋಶದ ಬುಡದಲ್ಲಿ ನಟ್ಟನಡುವೆ ಒಂದೇ ರಂಧ್ರ. ಕಡ್ಡಿಯೊಂದನ್ನು ಒಳಗಿನಿಂದ ಒತ್ತಿದರೆ ಹಳೆಯ ಪ್ರೈಮರ್ ಹೊರಬೀಳುತ್ತದೆ. ಬರ್ಡನ್ ಮಾದರಿಯಲ್ಲಿ ಅಂಚಿಗೆ ಸರಿದ ಎರಡು ಸಣ್ಣ ರಂಧ್ರಗಳಿರುವುದರಿಂದ ಈ ಕೆಲಸ ಅಷ್ಟು ಸುಲಭವಲ್ಲ.

ಈ ಹವ್ಯಾಸದಲ್ಲಿ ಗುಣವಿಲ್ಲವೆಂದು ನಾನು ಹೇಳಲಾರೆ. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಬೋಧಿಸಿದವನಿಗೆ ಅದರ ಅಚ್ಚುಕಟ್ಟುತನ ಮೆಚ್ಚುಗೆಯಾಗದೆ ಇರದು. ಅವರು ಮದ್ದನ್ನು ತೂಗುವುದು ಗ್ರೇನ್ ಎಂಬ ಮಾನದಲ್ಲಿ. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ, ನಮ್ಮ ಅಕ್ಕಸಾಲಿಗರ ಗುಲಗಂಜಿಯ ಹೆಚ್ಚುಕಡಿಮೆ ಅರ್ಧದಷ್ಟು. ಅದರ ಹತ್ತನೆಯ ಒಂದು ಭಾಗವನ್ನೂ ತೋರಿಸುವ ತಕ್ಕಡಿ ಅವರ ಬೆಂಚಿನ ಮೇಲಿರುತ್ತದೆ. ಪಿಸ್ತೂಲಿನ ಕೆಲವು ಕೋಶಗಳಲ್ಲಿ ಮರೆವಿನಿಂದ ಎರಡು ಸಲ ಮದ್ದು ಸುರಿದರೂ ಹಿಡಿಸಿಬಿಡುತ್ತದೆ. ಅಂತಹ ತೋಟಾ ಹಾರಿಸಿದವನ ಕೈಯಲ್ಲೇ ಪಿಸ್ತೂಲು ಸಿಡಿಯಬಹುದು. ಆದುದರಿಂದ ಬಲ್ಲವರು ಕೆಲಸ ಮಾಡುವಾಗ ಮಾತನಾಡುವುದಿಲ್ಲ, ಟಿವಿ ಹಾಕುವುದಿಲ್ಲ, ಪ್ರಕಟಿತ ಕೋಷ್ಟಕದ ಮಿತಿಯನ್ನು ಮೀರುವುದಿಲ್ಲ. ಕಣ್ಣಿಗೆ ಕಾಣುವ ಅಪಾಯದ ವಿಷಯದಲ್ಲಿ ಅವರು ಇಷ್ಟು ಎಚ್ಚರಿಕೆಯುಳ್ಳವರು. ನನ್ನ ಆಕ್ಷೇಪವಿರುವುದು ಕಣ್ಣಿಗೆ ಕಾಣದ ಅಪಾಯದ ಬಗ್ಗೆ, ಅಂದರೆ ಸೀಸದ ಬಗ್ಗೆ.

ಗುಂಡಿಗೆ ಅಪ್ಪಟ ಸೀಸ ಮೆತ್ತಗಾಗುತ್ತದೆ. ಗಡಸು ಬರಲು ತವರ ಮತ್ತು ಆಂಟಿಮನಿಯನ್ನು ಬೆರೆಸುತ್ತಾರೆ. ಅಮೆರಿಕದ ಪತ್ರಿಕಾಲಯಗಳು 1970ರ ದಶಕದಲ್ಲಿ ಲೈನೋಟೈಪ್ ಯಂತ್ರಗಳನ್ನು ಕೈಬಿಟ್ಟಾಗ ಅವುಗಳ ಅಚ್ಚಿನ ಲೋಹ ಗುಜರಿಗೆ ಬಂತು. ಅದರಲ್ಲಿ ಸುಮಾರು 84 ಪಾಲು ಸೀಸ, 12 ಪಾಲು ಆಂಟಿಮನಿ, 4 ಪಾಲು ತವರ. ಗುಂಡು ಎರೆಯುವವರಿಗೆ ಅದು ಹಬ್ಬದೂಟವಾಯಿತು. ನಮ್ಮ ಊರುಗಳ ಮುದ್ರಣಾಲಯಗಳಲ್ಲಿ ಕೈಯಿಂದ ಜೋಡಿಸುತ್ತಿದ್ದ ಕನ್ನಡದ ಮೊಳೆಗಳೂ ಇದೇ ಕುಲದ ಲೋಹದವು. ಅಕ್ಷರವಾಗಿದ್ದ ಲೋಹ ಗುಂಡಾಗಬಹುದೆಂಬುದು ನನ್ನಂತಹ ಮೇಷ್ಟ್ರಿಗೆ ಕಸಿವಿಸಿಯ ಸಂಗತಿಯೇ. ಇರಲಿ. ಅವರಿಗೆ ಸೀಸದ ಇನ್ನೊಂದು ಮೂಲವೆಂದರೆ ಕಾರಿನ ಚಕ್ರಗಳ ಸಮತೋಲಕ್ಕೆ ಅಂಟಿಸುವ ತೂಕದ ತುಂಡುಗಳು. ಕ್ಯಾಲಿಫೋರ್ನಿಯಾ ರಾಜ್ಯ ಸೀಸದ ಇಂತಹ ತುಂಡುಗಳನ್ನು 2010ರಿಂದ ನಿಷೇಧಿಸಿದೆ.

ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕುದಿಯುವುದು 1,700 ಡಿಗ್ರಿ ದಾಟಿದ ಮೇಲೆ. "ಆದುದರಿಂದ ಎರಕದ ಪಾತ್ರೆಯಿಂದ ಆವಿ ಏಳುವುದು ತೀರ ಕಡಿಮೆ, ಭಯವೇಕೆ?" ಎಂಬುದು ಹವ್ಯಾಸಿಗಳ ವಾದ. ಆವಿಯ ಮಟ್ಟಿಗೆ ಈ ಮಾತು ಸರಿ. ಆದರೆ ತೊಂದರೆ ಬರುವುದು ಹೆಚ್ಚಾಗಿ ಧೂಳಿನಿಂದ. ಕರಗಿದ ಸೀಸದ ಮೇಲೆ ಕಟ್ಟುವ ಕಿಟ್ಟವನ್ನು ಕೆರೆದು ತೆಗೆಯುವಾಗ ನುಣ್ಣನೆಯ ಪುಡಿ ಹಾರುತ್ತದೆ. ಗುಂಡನ್ನೇ ಎರೆಯದವರ ಬಳಿಯೂ ಸೀಸವುಂಟು. ಸಾಮಾನ್ಯ ಪ್ರೈಮರ್‌ನಲ್ಲಿರುವ ಸ್ಫೋಟಕ ಸೀಸದ ಸಂಯುಕ್ತ. ಹಾರಿಸಿದ ಕೋಶಗಳನ್ನು ಜೋಳದ ದಿಂಡಿನ ಪುಡಿಯೊಡನೆ ತಿರುಗುವ ಯಂತ್ರದಲ್ಲಿ ಹಾಕಿ ಉಜ್ಜಿದಾಗ ಅದರ ಮಸಿ ಆ ಪುಡಿಗೆ ಇಳಿಯುತ್ತದೆ. ಪುಡಿಯನ್ನು ಜರಡಿ ಹಿಡಿದರೆ ಸೀಸ ಗಾಳಿಗೆ ಬರುತ್ತದೆ, ಅಂಗಿಯ ತೋಳಿನ ಮೇಲೆ ಕೂರುತ್ತದೆ. ಅದೇ ತೋಳಿನಿಂದ ಅಪ್ಪ ಮಗುವನ್ನು ಎತ್ತಿಕೊಳ್ಳುತ್ತಾನೆ.

ಹೊಟ್ಟೆ ಸೇರಿದ ಸೀಸದಲ್ಲಿ ವಯಸ್ಕರ ದೇಹ ಸುಮಾರು ಹತ್ತರಲ್ಲಿ ಒಂದು ಪಾಲನ್ನು ಹೀರಿಕೊಂಡರೆ, ಎಳೆಯ ಮಗುವಿನ ದೇಹ ಅರ್ಧದಷ್ಟನ್ನು ಹೀರಿಕೊಳ್ಳಬಲ್ಲದು. ಅಂಬೆಗಾಲಿಡುವ ಮಗು ನೆಲ ಮುಟ್ಟಿದ ಕೈಯನ್ನು ಬಾಯಿಗಿಡುವುದು ಸಹಜ. ಸೀಸವು ಕ್ಯಾಲ್ಸಿಯಂನ ವೇಷ ಹಾಕಿಕೊಂಡು ಎಲುಬಿನೊಳಗೆ ಸೇರಿ ದಶಕಗಳ ಕಾಲ ನಿಲ್ಲುತ್ತದೆ. ಗರ್ಭಿಣಿಯಲ್ಲಿ ಅಲ್ಲಿಂದ ಹೊರಟು ಶಿಶುವನ್ನು ಮುಟ್ಟುತ್ತದೆ. ಮಗುವಿನ ಬುದ್ಧಿಶಕ್ತಿಗೆ ಆದ ಹಾನಿ ಮರಳಿ ತುಂಬುವಂಥದಲ್ಲ. ಮಕ್ಕಳ ರಕ್ತದಲ್ಲಿ ಎಷ್ಟು ಸೀಸ ಕಂಡರೆ ಎಚ್ಚೆತ್ತುಕೊಳ್ಳಬೇಕು ಎಂಬ ಅಂಕೆಯನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಇಳಿಸುತ್ತಲೇ ಬಂದಿದೆ: 1991ರಲ್ಲಿ ಡೆಸಿಲೀಟರಿಗೆ 10 ಮೈಕ್ರೋಗ್ರಾಂ, 2012ರಲ್ಲಿ 5, 2021ರಲ್ಲಿ 3.5. ನಿರಪಾಯವೆನ್ನಬಹುದಾದ ಮಟ್ಟ ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಭಾರತವೂ 2000ದಲ್ಲಿ ಸೀಸಯುಕ್ತ ಪೆಟ್ರೋಲನ್ನು ನಿಲ್ಲಿಸಿದ್ದು ಬೀದಿಯ ಗಾಳಿಯಿಂದ ಈ ವಿಷವನ್ನು ತೆಗೆಯಲೆಂದೇ. ಬೀದಿಯಿಂದ ಹೊರಹಾಕಿದ್ದನ್ನು ಮನೆಯೊಳಗೆ ನಾವೇ ಕರೆತರಬೇಕೆ?

"ನಮ್ಮ ನೆರೆಯ ಮುದುಕರು ಐವತ್ತು ವರ್ಷದಿಂದ ಗುಂಡು ಎರೆಯುತ್ತಿದ್ದಾರೆ, ಗಟ್ಟಿಮುಟ್ಟಾಗಿದ್ದಾರೆ" ಎಂದು ನೀವು ಹೇಳಬಹುದು. ಅವರು ಹಾಗೆಯೇ ಇರಲಿ ಎಂದು ನನ್ನ ಹಾರೈಕೆ. ಆದರೆ ಒಬ್ಬರ ಆಯುಷ್ಯ ಇನ್ನೊಬ್ಬರ ಮಗುವಿಗೆ ಪ್ರಮಾಣವಾಗದು. ಮದ್ದಿನ ವಿಷಯದಲ್ಲಿ ಗ್ರೇನಿನ ಹತ್ತನೆಯ ಭಾಗಕ್ಕೂ ತಕ್ಕಡಿ ಹಿಡಿಯುವವರು ಸೀಸದ ವಿಷಯದಲ್ಲಿ ಮಾತ್ರ "ಏನೂ ಆಗಿಲ್ಲ" ಎಂಬ ಅಂದಾಜಿನಲ್ಲಿ ನಡೆಯುವುದು ನ್ಯಾಯವೆ? ಸೀಸಕ್ಕೂ ಒಂದು ತಕ್ಕಡಿಯುಂಟು. ಅದೇ ರಕ್ತಪರೀಕ್ಷೆ. ಈ ಕೆಲಸಕ್ಕೆ ಕೈಹಾಕಿದವರು ವರ್ಷಕ್ಕೊಮ್ಮೆಯಾದರೂ ತಮ್ಮ ರಕ್ತವನ್ನೂ ಮಕ್ಕಳ ರಕ್ತವನ್ನೂ ಪರೀಕ್ಷೆ ಮಾಡಿಸಲಿ.

ನನ್ನ ಅಭಿಪ್ರಾಯ ಇಷ್ಟು. ಮನೆಯಲ್ಲಿ ಎಳೆಯ ಮಕ್ಕಳಾಗಲಿ ಗರ್ಭಿಣಿಯಾಗಲಿ ಇರುವಷ್ಟು ಕಾಲ ಸೀಸ ಕರಗಿಸುವ ಕೆಲಸ ಬೇಡ. ತೋಟಾ ತುಂಬಲೇಬೇಕೆಂಬ ಆಸೆಯಿದ್ದರೆ ತಾಮ್ರದ ಗುಂಡುಗಳು ಸಿದ್ಧವಾಗಿಯೇ ದೊರೆಯುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಸೀಸದ ಗುಂಡು ಸೇರಿದ ಬೇಟೆಯ ಮಾಂಸವನ್ನು ತಿಂದು ಕಾಂಡೋರ್ ಹದ್ದುಗಳು ಸಾಯುತ್ತಿದ್ದುದರಿಂದ 2019ರ ಜುಲೈನಿಂದ ಆ ರಾಜ್ಯದಲ್ಲಿ ಬೇಟೆಗೆ ಸೀಸರಹಿತ ಗುಂಡನ್ನೇ ಬಳಸಬೇಕೆಂಬ ನಿಯಮ ಪೂರ್ಣವಾಗಿ ಜಾರಿಯಲ್ಲಿದೆ. ಹದ್ದಿನ ಮರಿಗೆ ದೊರೆತ ರಕ್ಷಣೆ ಮನೆಯ ಮಗುವಿಗೂ ದೊರೆಯಲಿ. ಕೋಶಗಳನ್ನು ಒಣದಾಗಿ ಉಜ್ಜದೆ ನೀರಿನಲ್ಲಿ ತೊಳೆಯಿರಿ, ಆ ನೀರನ್ನು ಅಡುಗೆಮನೆಯತ್ತ ತರಬೇಡಿ. ಕೆಲಸದ ಬಟ್ಟೆ, ಪಾದರಕ್ಷೆ ಮನೆಯೊಳಗೆ ಬಾರದಿರಲಿ. ಬೆಂಚಿನ ಬಳಿ ಕಾಫಿ, ಕುರುಕಲು ತಿಂಡಿ ಬೇಡವೇ ಬೇಡ.

ಇದನ್ನು ಓದಿ ಕುತೂಹಲಗೊಳ್ಳಬಹುದಾದ ಇಲ್ಲಿನ ಹುಡುಗರಿಗೂ ಒಂದು ಮಾತು. ಭಾರತದಲ್ಲಿ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಅಪರಾಧ. 2019ರ ತಿದ್ದುಪಡಿಯ ನಂತರ ಅದಕ್ಕೆ ಕನಿಷ್ಠ 7 ವರ್ಷದ ಸೆರೆವಾಸ. ಇಲ್ಲಿ ಅದು ಹವ್ಯಾಸದ ವ್ಯಾಪ್ತಿಗೆ ಬರುವುದೇ ಇಲ್ಲ.

ಹವ್ಯಾಸ ಮನುಷ್ಯನಿಗೆ ಬೇಕು. ಅದರ ಸುಖ ಅನುಭವಿಸುವವನು ಅದರ ಬೆಲೆಯನ್ನೂ ತಾನೇ ತೆರುವಂತಿರಬೇಕು. ಇನ್ನೂ ಮಾತು ಬಾರದ ಮಗುವಿನ ಲೆಕ್ಕಕ್ಕೆ ಅದನ್ನು ಬರೆಯುವುದು ಸಲ್ಲದು. ನನ್ನ ಮಾತು ಕಟುವೆನಿಸಿದರೆ ಸಂಕೋಚವಿಲ್ಲದೆ ಬರೆಯಿರಿ. ತರಗತಿಯಲ್ಲಿ ವಾದ ಮಾಡಿದವರನ್ನು ನಾನು ಎಂದೂ ಹೊರಗೆ ನಿಲ್ಲಿಸಿದವನಲ್ಲ. ಆದರೆ ಬರೆಯುವುದಕ್ಕೆ ಮೊದಲು ಮಕ್ಕಳ ರಕ್ತಪರೀಕ್ಷೆ ಮಾಡಿಸಿಬಿಡಿ.